ಹಳೆಯ ಹತ್ತಿ ಸೀರೆಗಳಿಂದ ಕೌದಿ: ಎಷ್ಟು ಪದರ ಇಡಬೇಕು, ಹೊಲಿಗೆ ಎಷ್ಟು ಹತ್ತಿರ ಇರಬೇಕು?

ಕ್ಯಾತ್ಸಂದ್ರ_ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರ ಹತ್ತಿ ಸೀರೆಗಳೂ ಮಾವನವರ ಪಂಚೆಗಳೂ ಟ್ರಂಕಿನಲ್ಲಿ ಹಾಗೆಯೇ ಉಳಿದಿವೆ. ಮನೆಯಲ್ಲಿ ಉಡುವವರಿಲ್ಲ, ಬೇರೆಯವರಿಗೆ ಕೊಡೋಣವೆಂದರೆ ಅಷ್ಟು ಗಟ್ಟಿಯಾಗಿಯೂ ಇಲ್ಲ. ಮಾಗಿ ಚಳಿ ಶುರುವಾಗುವುದರೊಳಗೆ ಇವುಗಳಿಂದ ಒಬ್ಬರು ಹೊದೆಯುವಂಥದ್ದೊಂದು, ಡಬಲ್ ಮಂಚಕ್ಕೊಂದು ಕೌದಿ ಮಾಡಬೇಕೆಂದಿದ್ದೇನೆ. ಮನೆಯಲ್ಲಿ ಕಾಲಿನಿಂದ ತುಳಿಯುವ ಕಪ್ಪು ಉಷಾ ಯಂತ್ರವಿದೆ. ರವಿಕೆ, ಲಂಗ, ದಿಂಬಿನ ಚೀಲ ಹೊಲಿದು ರೂಢಿಯಿದೆ, ಕೌದಿ ಮಾತ್ರ ಹೊಸದು.

ಒಳಗೆ ಎಷ್ಟು ಪದರ ಇಡಬೇಕು? ಹಾಸಿಗೆ ಅಂಗಡಿಯಲ್ಲಿ ಮಾರುವ ಪಾಲಿಯೆಸ್ಟರ್ ಹಾಳೆಯನ್ನು ನಡುವೆ ಇಟ್ಟರೆ ಒಳ್ಳೆಯದೋ, ಬರೀ ಸೀರೆಯೇ ಸಾಕೋ? ಹೊಲಿಗೆಯ ಸಾಲುಗಳ ನಡುವೆ ಎಷ್ಟು ಅಂತರ ಬಿಡಬೇಕು? ಅಂಚಿನಿಂದ ಆರಂಭಿಸಬೇಕೋ ನಡುವಿನಿಂದಲೋ? ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಕಾರಣ ಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಮುಳಬಾಗಿಲು_ಬೊಂತೆ

ತಾಯಿ, ಮೊದಲು ಸೀರೆಗಳನ್ನೆಲ್ಲ ಒಗೆದು ಒಣಗಿಸಿ, ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಳೆ ತೆಳುವಾಗಿ ಬೆಳಕು ಹಾಯುವ ಕಡೆ ಎರಡು ಹೆಬ್ಬೆರಳುಗಳಿಂದ ಹಾಸಿನ ದಿಕ್ಕಿಗೊಮ್ಮೆ, ಹೊಕ್ಕಿನ ದಿಕ್ಕಿಗೊಮ್ಮೆ ಎಳೆಯಿರಿ. ಪರ್ ಎಂದು ಬಿರಿದರೆ ಆ ಭಾಗವನ್ನು ಮೇಲುಹೊದಿಕೆಗೆ ಇಟ್ಟುಕೊಳ್ಳಬೇಡಿ, ಒಳಪದರಕ್ಕೆ ಹಾಕಿ. ನೆಲಕ್ಕೆ ಉಜ್ಜುವ ಕೆಳಅಂಚೂ ನೆರಿಗೆ ಸಿಕ್ಕಿಸುವ ಭಾಗವೂ ಮೊದಲು ಸವೆದಿರುತ್ತವೆ. ಕೆಳಅಂಚಿಗೆ ಹೊಲಿದಿರುವ ಫಾಲ್ ಅನ್ನು ತಪ್ಪದೆ ಬಿಚ್ಚಿರಿ, ಏಕೆಂದರೆ ಅದರ ಬಟ್ಟೆ ಸೀರೆಯಷ್ಟೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಒಳಗೇ ಉಳಿದರೆ ಆ ಸಾಲಿನುದ್ದಕ್ಕೂ ಸುರುಕು ಬೀಳುತ್ತದೆ. ಸಿಂಥೆಟಿಕ್ ಸೀರೆಗಳನ್ನು ಬೇರೆಯಾಗಿಯೇ ಇಡಿ.

ಇನ್ನು ಲೆಕ್ಕ. ಸೀರೆ ಸಾಮಾನ್ಯವಾಗಿ 5.5 ಮೀಟರ್ ಉದ್ದ, ಅಂದರೆ 18 ಅಡಿ; ಅಗಲ 45 ಇಂಚು. ಒಬ್ಬರ ಕೌದಿ 7 ಅಡಿ ಉದ್ದ, 5 ಅಡಿ ಅಗಲ ಎಂದಿಟ್ಟುಕೊಳ್ಳಿ. ಸೀರೆಯನ್ನು ಉದ್ದಕ್ಕೆ ಹಾಸಿದರೆ ಅಗಲ ಸಾಲದೆ ಪಕ್ಕಕ್ಕೆ ಪಟ್ಟಿ ಸೇರಿಸಬೇಕಾಗುತ್ತದೆ. ಹಾಗೆ ಮಾಡುವ ಬದಲು 5 ಅಡಿಯ ಎರಡು ತುಂಡು ಕತ್ತರಿಸಿ, ಅಂಚಿಗೆ ಅಂಚು ಸೇರಿಸಿ, ಅಡ್ಡಲಾಗಿ ಹಾಸಿ. 5 ಅಡಿ ಅಗಲ, ಏಳೂವರೆ ಅಡಿ ಉದ್ದದ ಒಂದು ಪದರ ಸಿದ್ಧವಾಗುತ್ತದೆ, ಸೀರೆಯಲ್ಲಿ ಇನ್ನೂ 8 ಅಡಿ ಉಳಿಯುತ್ತದೆ. ಜೋಡಣೆಗಳು ಮಾತ್ರ ಒಂದರ ಮೇಲೊಂದು ಬರಬಾರದು. ಎಲ್ಲ ಪದರಗಳ ಜೋಡಣೆಯೂ ನಡುಮಧ್ಯದಲ್ಲೇ ಬಿದ್ದರೆ ಅಲ್ಲಿ ಬೆನ್ನಿಗೆ ಒತ್ತುವ ದಪ್ಪ ಏಣು ಉಳಿದುಬಿಡುತ್ತದೆ, ಸೂಜಿಯೂ ಅಲ್ಲೇ ಮುರಿಯುತ್ತದೆ.

ಮೇಲೆ ಒಂದು, ಕೆಳಗೆ ಒಂದು, ಒಳಗೆ ಎರಡು, ಒಟ್ಟು ನಾಲ್ಕು ಪದರ ಇದ್ದರೆ ತುಮಕೂರಿನ ಚಳಿಗೆ ಸಾಕು. ನಂದಿಬೆಟ್ಟದ ಆಸುಪಾಸಿನವರು ಇನ್ನೊಂದು ಪದರ ಸೇರಿಸಿಕೊಳ್ಳಲಿ. ಆರಕ್ಕಿಂತ ಹೆಚ್ಚಾದರೆ ಕೈಹೊಲಿಗೆಯಲ್ಲಿ ಒಂದು ಸಲಕ್ಕೆ ಒಂದೇ ಹೊಲಿಗೆ ಎತ್ತಬಹುದು, ಮೂರ್ನಾಲ್ಕನ್ನು ಒಟ್ಟಿಗೆ ಸೂಜಿಗೆ ಏರಿಸಲು ಆಗುವುದಿಲ್ಲ. ಕೆಳಪದರಕ್ಕೆ ಹೊಸ ಕೋರಾ ಬಟ್ಟೆ ತರುವುದಾದರೆ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಒಗೆದು, ಇಸ್ತ್ರಿ ಹಾಕಿಯೇ ಬಳಸಿ. ಹಳೆಯ ಸೀರೆ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ, ಹೊಸದು ಇನ್ನು ಕುಗ್ಗಬೇಕು. ಎರಡನ್ನೂ ಹಾಗೆಯೇ ಕೂಡಿಸಿ ಹೊಲಿದರೆ ಮೊದಲ ಒಗೆತದಲ್ಲೇ ಕೌದಿಯ ಮೈ ಮುದುಡುತ್ತದೆ.

ಬಂಗಾರಪೇಟೆ_ಟೈಲರ್

ಅಮ್ಮನವರು ಕೈಹೊಲಿಗೆಯ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ಯಂತ್ರದ ವಿಷಯ ಹೇಳುತ್ತೇನೆ, ಏಕೆಂದರೆ ಸರಿಪಡಿಸಿಕೊಡಿ ಎಂದು ನಮ್ಮ ಅಂಗಡಿಗೆ ತರುವ ಕೌದಿಗಳಲ್ಲಿ ಬಹುಪಾಲಿಗೆ ಇರುವ ದೋಷ ಒಂದೇ: ಮೇಲೆ ನೋಡಿದರೆ ಚೆಂದ, ತಿರುಗಿಸಿದರೆ ಕೆಳಬಟ್ಟೆಯಲ್ಲಿ ಮಡಿಕೆಯ ಮೇಲೆ ಮಡಿಕೆ.

ಯಂತ್ರದಲ್ಲಿ ಬಟ್ಟೆಯನ್ನು ಮುಂದಕ್ಕೆ ಎಳೆಯುವುದು ಕೆಳಗಿನ ಹಲ್ಲು. ಹಲ್ಲಿಗೆ ತಾಗಿದ ಕೆಳಪದರ ಸಲೀಸಾಗಿ ಸಾಗುತ್ತದೆ. ಮೇಲುಪದರವನ್ನು ಯಂತ್ರದ ಪಾದ (ಸೂಜಿಯ ಬಳಿ ಬಟ್ಟೆಯನ್ನು ಒತ್ತುವ ಲೋಹದ ಭಾಗ) ಒತ್ತಿ ಹಿಡಿದಿರುವುದರಿಂದ ಅದು ಸ್ವಲ್ಪ ಸ್ವಲ್ಪವೇ ಹಿಂದುಳಿಯುತ್ತದೆ. ಒಂದು ಹೊಲಿಗೆಯಲ್ಲಿ ಕಣ್ಣಿಗೆ ಕಾಣದ ಈ ವ್ಯತ್ಯಾಸ 7 ಅಡಿಯ ಸಾಲು ಮುಗಿಯುವ ಹೊತ್ತಿಗೆ ಅರ್ಧ ಇಂಚೋ ಮುಕ್ಕಾಲು ಇಂಚೋ ಆಗಿರುತ್ತದೆ, ಮತ್ತು ಹಿಂದಿನ ಸಾಲು ಈಗಾಗಲೇ ಬಟ್ಟೆಯನ್ನು ಬಿಗಿಹಿಡಿದಿರುವುದರಿಂದ ಹೆಚ್ಚಾದ ಬಟ್ಟೆ ಮಡಿಕೆಯಾಗಿ ಕೂರುತ್ತದೆ. ಆದ್ದರಿಂದ ಯಂತ್ರಕ್ಕೆ ಹಾಕುವ ಮೊದಲು ಕಚ್ಚಾ ಹೊಲಿಗೆ, ಅಂದರೆ ಪದರಗಳನ್ನು ಸರಿಯದಂತೆ ತಾತ್ಕಾಲಿಕವಾಗಿ ಹಿಡಿದಿಡುವುದು, ಬೇಕೇ ಬೇಕು. ಕೆಳಬಟ್ಟೆಯನ್ನು ನೆಲದ ಮೇಲೆ ಬೆನ್ನು ಮೇಲಾಗಿ ಹರಡಿ, ಸುರುಕು ಹೋಗುವಷ್ಟು ಎಳೆದು, ಆದರೆ ಹಿಗ್ಗಿಸದೆ, ನಾಲ್ಕೂ ಬದಿಗೆ ಟೇಪ್ ಅಂಟಿಸಿ. ಅದರ ಮೇಲೆ ಒಳಪದರಗಳು, ಕೊನೆಗೆ ಮೇಲುಪದರ. ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರುತ್ತಾ ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್ ಹಾಕಿ. ಪಿನ್ನು ಕಡಿಮೆಯಿದ್ದರೆ ದಪ್ಪ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದರೂ ಆಗುತ್ತದೆ. ಅರ್ಧ ದಿನ ಹಿಡಿಯುವ ಬೇಸರದ ಕೆಲಸವಿದು. ಇದನ್ನು ಬಿಟ್ಟು ಆಮೇಲೆ ಯಂತ್ರವನ್ನು ಬೈದು ಪ್ರಯೋಜನವಿಲ್ಲ.

ಯಂತ್ರಕ್ಕೆ 16ನೇ ಸಂಖ್ಯೆಯ ಹೊಸ ಸೂಜಿ ಹಾಕಿ. ನಾಲ್ಕೇ ತೆಳು ಪದರವಾದರೆ 14 ಸಾಕು. ಯಂತ್ರದ ಸೂಜಿಯಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ದಪ್ಪ, ಕೈಸೂಜಿಯಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಸಣ್ಣ, ಕೊಳ್ಳುವಾಗ ಗೊಂದಲವಾಗದಿರಲಿ. ಹೊಲಿಗೆ ಇಂಚಿಗೆ 8ರಿಂದ 9 ಬರುವಂತೆ ಲಿವರ್ ಇಡಿ. ಪಾದದ ಕಂಬದ ನೆತ್ತಿಯಲ್ಲಿರುವ ತಿರುಪನ್ನು ಒಂದೆರಡು ಸುತ್ತು ಸಡಿಲಿಸಿದರೆ ಒತ್ತಡ ಕಡಿಮೆಯಾಗಿ ಮೇಲುಪದರ ಹಿಂದುಳಿಯುವುದೂ ಕಡಿಮೆಯಾಗುತ್ತದೆ. ಅಷ್ಟೇ ಪದರಗಳ ಒಂದು ತುಂಡಿನ ಮೇಲೆ ಮೊದಲು ಹೊಲಿದು ನೋಡಿ: ಬಾಬಿನ್ನಿನ ದಾರ ಮೇಲಕ್ಕೆ ಎದ್ದು ಕಂಡರೆ ಮೇಲಿನ ಟೆನ್ಷನ್ ಬಿಗಿಯಾಗಿದೆ, ಅಡಿಯಲ್ಲಿ ಕುಣಿಕೆ ಕುಣಿಕೆಯಾಗಿ ಬಿದ್ದರೆ ಸಡಿಲವಾಗಿದೆ ಎಂದರ್ಥ.

ದಾರದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಸವೆದ ಹತ್ತಿ ಸೀರೆಗೆ ಗಟ್ಟಿ ಪಾಲಿಯೆಸ್ಟರ್ ದಾರ ಬೇಡ, ಹತ್ತಿ ದಾರವನ್ನೇ ಬಳಸಿ. ಎಳೆತ ಬಿದ್ದಾಗ ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆಯೇ ಹರಿದರೆ ತೇಪೆ ಹಾಕಬೇಕಾಗುತ್ತದೆ.

ಚಿಂತಾಮಣಿ_ಶಿಕ್ಷಕಿ

ಪಾಲಿಯೆಸ್ಟರ್ ಹಾಳೆಯ ಪ್ರಶ್ನೆ ಹಾಗೇ ಉಳಿಯಿತು. ನನ್ನ ದೃಷ್ಟಿಯಲ್ಲಿ ಈ ಚರ್ಚೆಯ ತಿರುಳೇ ಅದು. ಒಳಗೆ ಏನಿದೆ ಎಂಬುದನ್ನು ನೋಡಿಕೊಂಡು ಹೊಲಿಗೆಯ ಅಂತರವನ್ನು ನಿರ್ಧರಿಸಬೇಕೇ ಹೊರತು ಮೊದಲೇ ವಿನ್ಯಾಸ ಗೀಚಿಟ್ಟುಕೊಂಡು ಕೂರಬಾರದು.

ಹಿಂಜಿದ ಬಿಡಿ ಹತ್ತಿ ತುಂಬಿಸುವುದಾದರೆ ಅದರ ಎಳೆಗಳಿಗೆ ಪರಸ್ಪರ ಹಿಡಿತವಿಲ್ಲ. ಒಗೆದಾಗ ನೀರು ಕುಡಿದು ಅದು ಒಂದೆಡೆ ಸರಿದು ಗಂಟು ಕಟ್ಟುತ್ತದೆ. ಆದ್ದರಿಂದ ಎರಡು ಇಂಚಿಗೊಂದು ಸಾಲು ಇರಲೇಬೇಕು. ಹಿಂದೆ ಪಿಂಜಾರರು ಬಿಲ್ಲು ತಂದು ಮನೆಯ ಮುಂದೆಯೇ ಕುಳಿತು ಹತ್ತಿ ಹಿಂಜಿಕೊಡುತ್ತಿದ್ದ ಕಾಲದಲ್ಲಿ ಹಾಸಿಗೆಯನ್ನು ಬಿಚ್ಚಿ ಮತ್ತೆ ತುಂಬಿಸುತ್ತಿದ್ದುದರಿಂದ ಗಂಟು ಕಟ್ಟಿದರೂ ನಡೆಯುತ್ತಿತ್ತು. ಹೊದೆಯುವ ಕೌದಿಯನ್ನು ಹಾಗೆ ಪದೇ ಪದೇ ಬಿಚ್ಚಲಾಗದು. ಸೀರೆ, ಪಂಚೆಯಂಥ ನೇಯ್ದ ಬಟ್ಟೆಯೇ ಒಳಗಿದ್ದರೆ ಹಾಸು-ಹೊಕ್ಕುಗಳೇ ಅದನ್ನು ಹಿಡಿದಿಡುತ್ತವೆ, ಸರಿದು ಹೋಗಲು ಅಲ್ಲಿ ಬಿಡಿ ಎಳೆಯೇ ಇಲ್ಲ. ಆಗ ಮೂರು-ನಾಲ್ಕು ಇಂಚು ಅಂತರವಿದ್ದರೂ ಕೌದಿ ಒಗೆತಕ್ಕೆ ತಡೆಯುತ್ತದೆ. ಹಳ್ಳಿಗಳಲ್ಲಿ ಒಂದು ಬೆರಳಿಗೊಂದು ಸಾಲು ಹಾಕುವುದು ಒಳಪದರ ಸರಿಯದಿರಲಿ ಎಂದಲ್ಲ, ಸವೆದ ಬಟ್ಟೆ ಇನ್ನಷ್ಟು ಸವೆದಾಗಲೂ ದಾರದ ಜಾಲವೇ ಅದನ್ನು ಹಿಡಿದಿಡಲಿ ಎಂದು.

ಪಾಲಿಯೆಸ್ಟರ್ ಹಾಳೆ ಹಗುರ, ಬೇಗ ಒಣಗುತ್ತದೆ, ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೆಚ್ಚಗೂ ಇರುತ್ತದೆ. ಆದರೆ ಮೇಲೆ ಹಳೆಯ ತೆಳು ಸೀರೆ ಹಾಕಿದರೆ ಅದರ ನಾರು ನೇಯ್ಗೆಯ ಸಂದಿಯಿಂದ ಹೊರಬಂದು ಬಿಳಿ ಗುಂಡುಗಳಾಗಿ ಕೂರುತ್ತದೆ, ಕಡುಬಣ್ಣದ ಸೀರೆಯಾದರೆ ಇನ್ನೂ ಎದ್ದು ಕಾಣುತ್ತದೆ. ಬಿಸಿ ಇಸ್ತ್ರಿ ತಾಗಿದರೆ ಹಾಳೆ ಕರಗಿ ಚಪ್ಪಟೆಯಾಗುತ್ತದೆ. ಒತ್ತಾಗಿ ನೇಯ್ದ ಹೊಸ ಬಟ್ಟೆ ಮೇಲೆ ಹಾಕುವವರಿಗೆ ಅದು ಸರಿ. ಅತ್ತೆಯವರ ಸೀರೆಗಳಿಗೆ ನಾನಂತೂ ಹಾಕುವುದಿಲ್ಲ.

ಕ್ಯಾತ್ಸಂದ್ರ_ಗೃಹಿಣಿ

ತುಂಬ ಉಪಯುಕ್ತ ಉತ್ತರಗಳು. ಹಾಗಾದರೆ ಪಾಲಿಯೆಸ್ಟರ್ ಬೇಡ, ಒಳಗೂ ಸೀರೆಯೇ ಇರಲಿ. ಟೈಲರ್ ಅಣ್ಣನವರಲ್ಲಿ ಇನ್ನೊಂದು ಪ್ರಶ್ನೆ: ಡಬಲ್ ಮಂಚದ ಕೌದಿಯನ್ನು ಸುರುಳಿ ಸುತ್ತಿದರೂ ಯಂತ್ರದ ತೋಳಿನ ಕೆಳಗೆ ಅದು ಹಿಡಿಸುವುದಿಲ್ಲವಲ್ಲ, ಏನು ಮಾಡುವುದು? ವಾಕಿಂಗ್ ಫೂಟ್ ಎಂಬ ಪಾದ ಸಿಗುತ್ತದೆಯೆಂದು ಮಗಳು ಹೇಳುತ್ತಿದ್ದಾಳೆ, ಅದನ್ನು ಕೊಳ್ಳಬೇಕೇ?

ಬಂಗಾರಪೇಟೆ_ಟೈಲರ್

ಅಕ್ಕ, ವಾಕಿಂಗ್ ಫೂಟ್‌ನಲ್ಲಿ ಮೇಲೂ ಒಂದು ಜೊತೆ ಹಲ್ಲು ಇರುವುದರಿಂದ ಎರಡೂ ಪದರ ಸಮನಾಗಿ ಸಾಗುತ್ತವೆ. ಒಳ್ಳೆಯ ಸಾಧನವೇ, ಆದರೆ ಅದರ ತೋಳು ಸೂಜಿಯ ತಿರುಪಿನ ಮೇಲೆ ಸರಿಯಾಗಿ ಕೂರಬೇಕು, ಅದರ ಹಲ್ಲು ಕೆಳಗಿನ ಹಲ್ಲಿನ ನೇರಕ್ಕೇ ಬರಬೇಕು. ಹಳೆಯ ಕಪ್ಪು ಯಂತ್ರಗಳಲ್ಲಿ ಕೆಳಗಿನ ಹಲ್ಲು ಕಿರಿದಾಗಿರುವುದುಂಟು. ಅಂಗಡಿಯಲ್ಲಿ ನಿಮ್ಮ ಯಂತ್ರದ ಪಾದವನ್ನು ತೋರಿಸಿ, ಹೊಂದದಿದ್ದರೆ ಹಿಂದಿರುಗಿಸುವ ಮಾತಿನ ಮೇಲೆ ತನ್ನಿ. ಚೆನ್ನಾಗಿ ಕಚ್ಚಾ ಹೊಲಿಗೆ ಹಾಕಿ, ಪಾದದ ಒತ್ತಡ ಇಳಿಸಿದವರಿಗೆ ಅದಿಲ್ಲದೆಯೂ ಕೆಲಸ ಸಾಗುತ್ತದೆ.

ದೊಡ್ಡ ಕೌದಿಯನ್ನು ಇಡಿಯಾಗಿ ಹೊಲಿಯಲು ಹೋಗಬೇಡಿ. 30 ಇಂಚು ಅಗಲ, 7 ಅಡಿ ಉದ್ದದ ಮೂರು ಪಟ್ಟೆಗಳನ್ನು ಮಾಡಿಕೊಂಡು ಪ್ರತಿಯೊಂದನ್ನೂ ಪದರ ಸಹಿತ ಹೊಲಿದು ಮುಗಿಸಿ, ಆಮೇಲೆ ಜೋಡಿಸಿ. ಪಟ್ಟೆಯ ಉದ್ದನೆಯ ಬದಿಗಳಲ್ಲಿ ಒಂದೂವರೆ ಇಂಚು ಹೊಲಿಗೆ ಹಾಕದೆ ಖಾಲಿ ಬಿಟ್ಟಿರಬೇಕು. ಜೋಡಿಸುವಾಗ ಒಳಪದರ, ಕೆಳಪದರಗಳನ್ನು ಹಿಂದಕ್ಕೆ ಮಡಿಸಿ ಪಿನ್ ಹಾಕಿ, ಎರಡು ಪಟ್ಟೆಗಳ ಮೇಲುಪದರಗಳನ್ನು ಮಾತ್ರ ಮುಖಕ್ಕೆ ಮುಖ ಇಟ್ಟು ಯಂತ್ರದಲ್ಲಿ ಹೊಲಿಯಿರಿ. ನಂತರ ಕೌದಿಯನ್ನು ಬೋರಲು ಹಾಕಿ, ಎರಡು ಕಡೆಯ ಒಳಪದರಗಳೂ ಒಂದರ ಮೇಲೊಂದು ಏರದೆ ಅಂಚಿಗೆ ಅಂಚು ತಾಗುವಂತೆ ಕತ್ತರಿಸಿ. ಒಂದು ಬದಿಯ ಕೆಳಪದರವನ್ನು ಚಪ್ಪಟೆಯಾಗಿ ಹಾಸಿ, ಇನ್ನೊಂದು ಬದಿಯದನ್ನು ಕಾಲು ಇಂಚು ಒಳಕ್ಕೆ ಮಡಚಿ ಅದರ ಮೇಲೆ ಕೂರಿಸಿ, ಕೈಯಿಂದ ಹೆಮ್ಮಿಂಗ್ ಮಾಡಿ. ಖಾಲಿ ಬಿಟ್ಟಿದ್ದ ಜಾಗದಲ್ಲಿ ಕೊನೆಗೆ ಒಂದೊಂದು ಸಾಲು ಹಾಕಿದರೆ ಜೋಡಣೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ತಿಪಟೂರು_ದಾರ

ಅಂಚಿನಿಂದಲೋ ನಡುವಿನಿಂದಲೋ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ನಾನು ಕೆಲಸದ ಮೇಲೆ ಯಲ್ಲಾಪುರದ ಕಡೆ ಇದ್ದಾಗ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿ ಹೊಲಿಯುವುದನ್ನು ಹತ್ತಿರದಿಂದ ನೋಡಿದ್ದೇನೆ. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿಯರ ಕೌದಿಗೆ ಈಗ ಹೊರದೇಶಗಳಲ್ಲೂ ಹೆಸರಿದೆ. ಅವರು ಒಂದು ಮೂಲೆಯಿಂದ ಆರಂಭಿಸಿ ನಾಲ್ಕೂ ಅಂಚಿನ ಗುಂಟ ಸುತ್ತುತ್ತಾ ಒಳಕ್ಕೆ ಬರುತ್ತಾರೆ. ಮೇಲುಪದರವನ್ನು ಮೊದಲೇ ಜೋಡಿಸಿಟ್ಟುಕೊಂಡಿರುವುದಿಲ್ಲ. ಕೈಗೆ ಬಂದ ತುಂಡನ್ನು ಆ ಜಾಗಕ್ಕೆ ಹೊಂದಿಸಿ, ಅಂಚು ಒಳಕ್ಕೆ ಮಡಚಿ, ಕೆಳಪದರದವರೆಗೂ ಸೂಜಿ ಇಳಿಸಿ ಹೊಲಿಯುತ್ತಾ ಹೋದಂತೆ ತೇಪೆಯೂ ಪದರದ ಹೊಲಿಗೆಯೂ ಒಟ್ಟಿಗೇ ಮುಗಿಯುತ್ತವೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ಬಟ್ಟೆಗಳನ್ನು ಹೂವಿನಂತೆ ಕೂರಿಸುತ್ತಾರೆ. ಅದಿಲ್ಲದಿದ್ದರೆ ಅವರ ಕಣ್ಣಿಗೆ ಕೌದಿ ಮುಗಿದಂತಾಗುವುದಿಲ್ಲ.

ಯಂತ್ರದವರು ನಡುವಿನಿಂದ ಹೊರಕ್ಕೆ ಹೋಗಿ ಎನ್ನುತ್ತಾರೆ. ಎರಡೂ ಸರಿ ಎಂದು ನನಗೆ ಅನಿಸುತ್ತದೆ. ಯಂತ್ರದ ಹಲ್ಲು ಬಟ್ಟೆಯನ್ನು ಒಂದೇ ದಿಕ್ಕಿಗೆ ತಳ್ಳುವುದರಿಂದ ಹೆಚ್ಚಾದದ್ದು ಹೊರಕ್ಕೆ ಹೋಗಲು ದಾರಿ ಬೇಕು, ಅಂಚು ಮೊದಲೇ ಮುಚ್ಚಿದ್ದರೆ ಅದೆಲ್ಲ ನಡುವೆ ಬಂದು ಗುಡ್ಡೆಯಾಗುತ್ತದೆ. ಕೈಹೊಲಿಗೆಯಲ್ಲಿ ತಳ್ಳುವವರು ಯಾರೂ ಇಲ್ಲ. ಒಂದೊಂದು ತುಂಡನ್ನೂ ಆ ಕ್ಷಣಕ್ಕೆ ಸವರಿ ಕೂರಿಸುವುದರಿಂದ ಒಳಕ್ಕೆ ಬಂದರೂ ಸುರುಕು ಉಳಿಯುವುದಿಲ್ಲ.

ಮುಳಬಾಗಿಲು_ಬೊಂತೆ

ಸರಿಯಾಗಿ ಹೇಳಿದಿರಿ. ಕೈಹೊಲಿಗೆ ಹಿಡಿಯುವ ಬಗೆಯನ್ನೂ ಹೇಳಿಬಿಡುತ್ತೇನೆ. ಕೌದಿಯನ್ನು ತೊಡೆಯ ಮೇಲೆ ಎತ್ತಿಕೊಳ್ಳಬೇಡಿ, ನೆಲದಲ್ಲೇ ಇರಲಿ. ನೀವು ಅದರ ಮೇಲೆ ಕುಳಿತರೆ ನಿಮ್ಮ ಭಾರಕ್ಕೆ ಪದರಗಳು ಅಲ್ಲಾಡುವುದಿಲ್ಲ. ಎಡಗೈಯ ತೋರುಬೆರಳು ಅಡಿಯಲ್ಲಿರಲಿ, ಬಲಗೈಯ ನಡುಬೆರಳಿಗೆ ಅಂಗುಸ್ತಾನ (ಸೂಜಿ ನೂಕಲು ಬೆರಳ ತುದಿಗೆ ತೊಡುವ ಟೋಪಿ) ಇರಲಿ. ಸೂಜಿಯನ್ನು ನೆಟ್ಟಗೆ ಇಳಿಸಿ, ಅದರ ಮೊನೆ ಅಡಿಯ ಬೆರಳಿಗೆ ತಗುಲಿದ ಕೂಡಲೇ ಹಿಂದಕ್ಕೆ ಒರಗಿಸಿ ಮೇಲಕ್ಕೆತ್ತಿ, ಮತ್ತೆ ನೆಟ್ಟಗೆ ಇಳಿಸಿ. ಹೀಗೆ ಮೂರ್ನಾಲ್ಕು ಹೊಲಿಗೆ ಸೂಜಿಗೆ ಏರಿದ ಮೇಲೆ ಅಂಗುಸ್ತಾನದಿಂದ ನೂಕಿ ದಾರವನ್ನು ಎಳೆಯಿರಿ. ಮೊನೆ ಬೆರಳಿಗೆ ತಾಗದಿದ್ದರೆ ಕೆಳಪದರಕ್ಕೆ ಹೊಲಿಗೆ ಬಿದ್ದಿಲ್ಲವೆಂದೇ ತಿಳಿಯಿರಿ. ದಾರ ಒಂದು ಮೊಳಕ್ಕಿಂತ ಹೆಚ್ಚು ಬೇಡ, ಉದ್ದವಾದಷ್ಟೂ ಸಿಕ್ಕು. ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಹುರಿ ಬಿಚ್ಚುವುದಿಲ್ಲ.

ಗೌರಿಬಿದನೂರು_ತೇಪೆ

ನಾನು ಚೌಕ, ತ್ರಿಕೋನಗಳನ್ನು ಅಳತೆಗೆ ಕತ್ತರಿಸಿ ಮೇಲುಪದರ ಕೂಡಿಸುವವಳು. ಅತ್ತೆಯವರ ಸೀರೆಗಳಲ್ಲಿ ಚೌಕುಳಿ, ಪಟ್ಟೆ, ಸಣ್ಣಂಚು ಹೀಗೆ ಬಗೆಬಗೆಯವು ಇದ್ದರೆ ಒಂಬತ್ತು ಮನೆಯ ಚೌಕವನ್ನು ಒಮ್ಮೆ ಮಾಡಿ ನೋಡಿ: ಮೂರು ಸಾಲು, ಸಾಲಿಗೆ ಮೂರು ತುಂಡು, ಗಾಢ ಬಣ್ಣ ಐದು, ತಿಳಿ ಬಣ್ಣ ನಾಲ್ಕು. ಮುಗಿದ ಮೇಲೆ ಪ್ರತಿ ತುಂಡೂ 4 ಇಂಚು ಕಾಣಬೇಕಾದರೆ ನಾಲ್ಕೂವರೆ ಇಂಚಿಗೆ ಕತ್ತರಿಸಬೇಕು, ಏಕೆಂದರೆ ಎರಡೂ ಬದಿಗೆ ಕಾಲು ಇಂಚು ಹೊಲಿಗೆಯೊಳಗೆ ಹೋಗುತ್ತದೆ. ಎರಡು ತ್ರಿಕೋನ ಕೂಡಿ 4 ಇಂಚಿನ ಚೌಕವಾಗಬೇಕಿದ್ದರೆ 4⅞ ಇಂಚಿನ ಚೌಕಗಳನ್ನು ಕತ್ತರಿಸಿ ಮೂಲೆಯಿಂದ ಮೂಲೆಗೆ ಸೀಳಬೇಕು.

ಈ ಕಾಲು ಇಂಚಿನಲ್ಲಿ ಸಡಿಲ ಬಿಡುವಂತಿಲ್ಲ. ಹೊಲಿಗೆ ಒಂದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಒಳಕ್ಕೆ ಬಂದರೂ ಎರಡೂ ತುಂಡಿನಲ್ಲಿ ಕಳೆಯುವುದರಿಂದ ಪ್ರತಿ ಜೋಡಣೆಗೆ ಎಂಟನೇ ಒಂದು ಇಂಚು ಹೋಗುತ್ತದೆ. ಸಾಲಿನಲ್ಲಿ 12 ಜೋಡಣೆಯಿದ್ದರೆ ಒಂದೂವರೆ ಇಂಚು ಗಿಡ್ಡವಾಯಿತು. ಯಂತ್ರದ ತಟ್ಟೆಯ ಮೇಲೆ ಸೂಜಿಯಿಂದ ಕಾಲು ಇಂಚು ದೂರಕ್ಕೆ ಟೇಪಿನ ನಾಲ್ಕೈದು ಪದರ ಅಂಟಿಸಿ, ಅದರ ಅಂಚಿಗೆ ಬಟ್ಟೆಯನ್ನು ಒರಗಿಸಿಕೊಂಡು ಹೊಲಿಯಿರಿ. ಹೊಲಿದ ಮೇಲೆ ಇಸ್ತ್ರಿಯನ್ನು ಎಳೆದಾಡದೆ ಎತ್ತಿ ಎತ್ತಿ ಒತ್ತಿ. ಓರೆಯಾಗಿ ಸೀಳಿದ ತ್ರಿಕೋನ ಎಳೆದ ಕಡೆಗೆಲ್ಲ ಹಿಗ್ಗುತ್ತದೆ. ಹೊಲಿಗೆಯಂಚನ್ನು ಗಾಢ ಬಣ್ಣದ ಕಡೆಗೆ ಮಡಚಿದರೆ ತಿಳಿ ಬಣ್ಣದ ಹಿಂದೆ ನೆರಳು ಕಾಣುವುದಿಲ್ಲ. ಹಳೆಯ ಸೀರೆ ಮೆತ್ತಗಿರುವುದರಿಂದ ಕತ್ತರಿಸುವ ಮುನ್ನ ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿಕೊಳ್ಳಿ, ಕತ್ತರಿಗೆ ಬಟ್ಟೆ ನಿಲ್ಲುತ್ತದೆ.

ಮುಳಬಾಗಿಲು_ಬೊಂತೆ

ಹದಿನಾರನೇ ಒಂದು ಇಂಚಿನ ಲೆಕ್ಕ ಓದಿ ನಗು ಬಂತು, ಬೇಸರ ಮಾಡಿಕೊಳ್ಳಬೇಡಮ್ಮ. ನಿನ್ನ ಲೆಕ್ಕ ನಿನ್ನ ಕೆಲಸಕ್ಕೆ ಸರಿಯೇ. ತೇಪೆಯ ಮೇಲೆ ತೇಪೆ ಕೂರಿಸುವವರಿಗೆ ಮಾತ್ರ ಅದು ಬೇಕಿಲ್ಲ. ಜಾಗ ಉಳಿದರೆ ತುಂಡು ಹಾಕು, ತುಂಡು ಉಳಿದರೆ ಮಡಚು.

ಗೌರಿಬಿದನೂರು_ತೇಪೆ

ಬೇಸರವೇನಿಲ್ಲ ಅಜ್ಜಿ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಣ್ಣುಮಕ್ಕಳು ಹೊಲದ ಕೆಲಸಕ್ಕೆ ತೊಟ್ಟು ಹಳತಾದ ಬಟ್ಟೆಗಳಿಂದ ನೀವು ಹೇಳಿದ ಹಾಗೆಯೇ ಕಣ್ಣಳತೆಯಲ್ಲಿ ಕೌದಿ ಹೊಲಿದರು. 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ವಸ್ತುಸಂಗ್ರಹಾಲಯ ಅವುಗಳ ಪ್ರದರ್ಶನ ಏರ್ಪಡಿಸಿತು. ಕಣ್ಣಳತೆ ಅಷ್ಟು ಪಳಗಿಲ್ಲದ ನನ್ನಂಥವರಿಗೆ ಅಳತೆಪಟ್ಟಿಯೇ ಗತಿ.

ಶಿಡ್ಲಘಟ್ಟ_ಗೂಡು

ಟ್ರಂಕಿನಲ್ಲಿ ರೇಷ್ಮೆ ಸೀರೆಗಳೂ ಇದ್ದರೆ ಅವುಗಳನ್ನು ಹತ್ತಿಯ ಜೊತೆ ಸೇರಿಸಬೇಡಿ. ನಮ್ಮ ಮನೆಯವರೆಲ್ಲ ರೇಷ್ಮೆಗೂಡಿನ ವ್ಯವಹಾರದಲ್ಲಿರುವುದರಿಂದ ಇಷ್ಟು ಖಚಿತವಾಗಿ ಹೇಳಬಲ್ಲೆ: ರೇಷ್ಮೆ ಪ್ರೋಟೀನಿನ ನಾರು, ಸೋಡಾ ಬೆರೆತ ಒಗೆಯುವ ಪುಡಿಯ ಕ್ಷಾರ ಅದನ್ನು ತಿನ್ನುತ್ತದೆ, ಹತ್ತಿಗೆ ಅದೇ ಪುಡಿಯಿಂದ ಅಷ್ಟು ತೊಂದರೆಯಿಲ್ಲ. ಎರಡನ್ನೂ ಕೂಡಿಸಿದ ಕೌದಿಯನ್ನು ಹೇಗೆ ಒಗೆದರೂ ಒಂದಕ್ಕೆ ಸಾಲದು, ಇನ್ನೊಂದಕ್ಕೆ ಹೆಚ್ಚು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಸೀರೆ ಮಡಿಕೆಯ ಗೆರೆಯುದ್ದಕ್ಕೂ ಸೀಳಿರುತ್ತದೆ. ಒಡಲು ಗಟ್ಟಿಯಿದ್ದರೆ ತೆಳು ಮಲ್ ಬಟ್ಟೆಯ ಆಸರೆ ಕೊಟ್ಟು ಗೋಡೆಗೆ ತೂಗುಹಾಕುವ ಅಥವಾ ದಿವಾನಕ್ಕೆ ಹಾಸುವ ಕೌದಿ ಮಾಡಿ. ಜರಿಯಂಚು ಸೂಜಿಯ ಮೊನೆಯನ್ನು ಮೊಂಡು ಮಾಡುತ್ತದೆ, ಮೈಗೂ ಚುಚ್ಚುತ್ತದೆ. ಹೊದೆಯುವ ಕೌದಿಗೆ ಅದು ಬೇಡವೇ ಬೇಡ.

ಕೋಲಾರ_ಹಾಸುಬಂಡೆ

ಬಣ್ಣ ಬಿಡುವುದರ ಬಗ್ಗೆ ಯಾರೂ ಎತ್ತಲಿಲ್ಲ. ಕೆಂಪು, ಕಡುನೀಲಿ, ಮೆರೂನ್ ಸೀರೆಗಳನ್ನು ಬಿಳಿ ಪಂಚೆಯ ಪಕ್ಕದಲ್ಲಿ ಕೂರಿಸುವ ಮುನ್ನ ಪರೀಕ್ಷೆ ಮಾಡಿ. ಸೀರೆಯ ಮೂಲೆಯನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯನ್ನು ಅದರ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಅದು ಇನ್ನೂ ಬಿಡುತ್ತದೆ. ಕಲ್ಲುಪ್ಪಿನ ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ಮಾತು ಎಲ್ಲರ ಮನೆಯಲ್ಲೂ ಇದೆ, ಆದರೆ ಬಣ್ಣ ಹಾಕಿ ಮುಗಿದ ಬಟ್ಟೆಯಲ್ಲಿ ಉಪ್ಪಾಗಲಿ ವಿನೆಗರ್ ಆಗಲಿ ಅದನ್ನು ಹಿಡಿದಿಡುವುದಿಲ್ಲ. ನೀರು ತಿಳಿಯಾಗುವವರೆಗೆ ಬೇರೆಯಾಗಿ ನೆನೆಸಿ ಒಗೆಯುವುದೊಂದೇ ದಾರಿ. ಮುಗಿದ ಕೌದಿಯಲ್ಲೇ ಬಣ್ಣ ಹರಡಿದರೆ ಅದನ್ನು ಒಣಗಲು ಬಿಡದೆ, ದೊಡ್ಡ ಪಾತ್ರೆಯಲ್ಲಿ ಧಾರಾಳ ನೀರಿಗೆ ದ್ರವ ಸಾಬೂನು ಬೆರೆಸಿ ಮತ್ತೆ ಮುಳುಗಿಸಿಡಿ, ನೀರು ಬದಲಿಸುತ್ತಿರಿ. ಒಣಗಿಸಿ ಇಸ್ತ್ರಿ ಹಾಕಿದ ಮೇಲೆ ಆ ಕಲೆ ತೆಗೆಯುವುದು ಬಹಳ ಕಷ್ಟ.

ನಮ್ಮ ಕಡೆಯ ಕೊಳವೆಬಾವಿಯ ನೀರು ಗಡಸು. ಬಾರ್ ಸೋಪು ಹಾಕಿದರೆ ನೊರೆ ಬರುವ ಬದಲು ಬಿಳಿ ಜಿಡ್ಡು ಬಟ್ಟೆಗೆ ಕೂರುತ್ತದೆ, ಕೌದಿ ಒಣಗಿದ ಮೇಲೆ ರಟ್ಟಿನಂತೆ ಬಿರುಸಾಗುತ್ತದೆ. ಡಿಟರ್ಜೆಂಟ್ ದ್ರಾವಣ ಗಡಸು ನೀರಿನಲ್ಲೂ ಕೆಲಸ ಮಾಡುತ್ತದೆ. ಕೊನೆಯ ಜಾಲಾಟದ ನೀರಿಗೆ ಸ್ವಲ್ಪ ಬಿಳಿ ವಿನೆಗರ್ ಸೇರಿಸಿದರೆ ಜಿಡ್ಡು ಬಿಡುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಒದ್ದೆ ಕೌದಿಯನ್ನು ಒಂದೇ ಹಗ್ಗಕ್ಕೆ ನೇತುಹಾಕಬೇಡಿ. ನೀರಿನ ಭಾರಕ್ಕೆ ಹಗ್ಗದ ಗೆರೆಯಲ್ಲಿ ಹೊಲಿಗೆ ಕಿತ್ತುಬರುತ್ತದೆ. ನಮ್ಮಲ್ಲಿ ಹಾಸುಬಂಡೆಯ ಮೇಲೆ ಹರಡುತ್ತೇವೆ, ತಾರಸಿಯವರು ಮೂರು ಹಗ್ಗಗಳ ಮೇಲೆ ಹಾಸಿದಂತೆ ಹಾಕಲಿ. ನಡುವಿನ ಪದರ ಪೂರ್ತಿ ಒಣಗುವ ಮೊದಲು ಮಡಚಿಟ್ಟರೆ ಮುಗ್ಗಲು ವಾಸನೆ ಬರುವುದು ಖಂಡಿತ.

ಚಿಂತಾಮಣಿ_ಶಿಕ್ಷಕಿ

ಅಂಚುಪಟ್ಟಿಯ ಲೆಕ್ಕವೊಂದನ್ನು ಸೇರಿಸುತ್ತೇನೆ. 5 ಅಡಿ, 7 ಅಡಿಯ ಕೌದಿಯ ಸುತ್ತಳತೆ 24 ಅಡಿ, ಅಂದರೆ 288 ಇಂಚು. ಮೂಲೆಗಳಿಗೆ ಮತ್ತು ಕೊನೆಯ ಜೋಡಣೆಗೆಂದು ಇನ್ನೊಂದು 12 ಇಂಚು ಸೇರಿಸಿ 300 ಇಂಚು ಬೇಕು. 45 ಇಂಚು ಅಗಲದ ಬಟ್ಟೆಯಲ್ಲಿ ಜೋಡಣೆಗೆ ಹೋಗುವುದನ್ನು ಕಳೆದರೆ ಒಂದು ಪಟ್ಟಿಗೆ 42 ಇಂಚು ಸಿಗುತ್ತದೆ. ಎರಡೂವರೆ ಇಂಚು ಅಗಲದ 8 ಪಟ್ಟಿ ಸಾಕು, ಅದಕ್ಕೆ 20 ಇಂಚು ಬಟ್ಟೆ ಹಿಡಿಯುತ್ತದೆ. ಪಟ್ಟಿಗಳನ್ನು ನೇರವಾಗಿ ಜೋಡಿಸದೆ 45 ಡಿಗ್ರಿ ಓರೆಯಲ್ಲಿ ಜೋಡಿಸಿದರೆ ದಪ್ಪ ಒಂದೇ ಕಡೆ ಗುಡ್ಡೆಯಾಗುವುದಿಲ್ಲ. ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಮಾಡಿ, ಬಿಚ್ಚಿದ ಅಂಚನ್ನು ಕೌದಿಯ ಮೇಲಂಚಿಗೆ ಸೇರಿಸಿ ಹೊಲಿಯಿರಿ. ಮೂಲೆ ಬರಲು ಕಾಲು ಇಂಚು ಇರುವಾಗ ನಿಲ್ಲಿಸಿ, ಪಟ್ಟಿಯನ್ನು ಮೇಲಕ್ಕೆ ಓರೆಯಾಗಿ ಮಡಚಿ, ಮತ್ತೆ ನೇರ ಕೆಳಕ್ಕೆ ಇಳಿಸಿ ಮುಂದಿನ ಬದಿಯನ್ನು ಆರಂಭಿಸಿ. ಹಿಂದಕ್ಕೆ ತಿರುಗಿಸಿ ಕೈಯಿಂದ ಹೆಮ್ಮಿಂಗ್ ಮಾಡಿದಾಗ ಮೂಲೆ ತಾನೇ ಮೊನೆಯಾಗುತ್ತದೆ. ಹತ್ತಿ ಸೀರೆಯ ಒತ್ತುನೇಯ್ಗೆಯ ಅಂಚು ಸವೆಯದೆ ಉಳಿದಿದ್ದರೆ ಅದನ್ನೇ ಪಟ್ಟಿಯಾಗಿ ಬಳಸಬಹುದು, ಕೌದಿ ಮೊದಲು ಹರಿಯುವುದೇ ಅಂಚಿನಲ್ಲಿ.

ಉಳಿದ ತುಂಡುಗಳಿಂದ ಮಗುವಿನ ಕೌದಿ ಮಾಡುವವರಿಗೆ ಒಂದು ಮಾತು. ಹಳೆಯ ಹತ್ತಿ ಸೀರೆಯಷ್ಟು ಮೆದು ಬಟ್ಟೆ ಹಸುಗೂಸಿಗೆ ಬೇರಿಲ್ಲ, ನಿಜ. ಆದರೆ ಒಂದು ವರ್ಷ ತುಂಬುವವರೆಗೆ ಮಲಗಿದ ಮಗುವಿನ ಮೇಲೆ ಕೌದಿಯನ್ನು ಸಡಿಲವಾಗಿ ಹೊದಿಸಿ ಬಿಟ್ಟುಹೋಗಬಾರದು, ಮುಖಕ್ಕೆ ಬಂದರೆ ಉಸಿರುಗಟ್ಟುವ ಅಪಾಯವಿದೆಯೆಂದು ಮಕ್ಕಳ ವೈದ್ಯರು ಎಚ್ಚರಿಸುತ್ತಾರೆ. ಎಚ್ಚರವಿದ್ದಾಗ ನೆಲಕ್ಕೆ ಹಾಸಿ ಆಡಲು ಬಿಡಿ. ಗುಂಡಿ, ಗೊಂಡೆ ಯಾವುದನ್ನೂ ಅದಕ್ಕೆ ಹೊಲಿಯಬೇಡಿ.

ಕ್ಯಾತ್ಸಂದ್ರ_ಗೃಹಿಣಿ

ಎಲ್ಲರಿಗೂ ಧನ್ಯವಾದ. ಒಬ್ಬರ ಕೌದಿಯನ್ನು ಮೊದಲು ಕೈಯಲ್ಲಿ, ನಾಲ್ಕು ಪದರದಲ್ಲಿ ಹೊಲಿಯುತ್ತೇನೆ. ಡಬಲ್ ಮಂಚದ್ದನ್ನು ಮೂರು ಪಟ್ಟೆಗಳಾಗಿ ಯಂತ್ರದಲ್ಲಿ ಹೊಲಿಯುತ್ತೇನೆ. ಸೀರೆಗಳನ್ನು ಬೆಳಕಿಗೆ ಹಿಡಿದು ವಿಂಗಡಿಸಿದ್ದಾಯಿತು. ಹಸಿರು ಚೌಕುಳಿಯ ಸೀರೆಯೊಂದು ಗಟ್ಟಿಯಾಗಿ ಉಳಿದಿದೆ, ಮೇಲುಪದರಕ್ಕೆ ಅದನ್ನೇ ಇಟ್ಟಿದ್ದೇನೆ. ಸಾಲು ನೇರ ಬರಲು ಯಾವುದರಿಂದ ಗೆರೆ ಹಾಕಬೇಕು? ದಾರದ ಗಂಟನ್ನು ಎಲ್ಲಿ ಮುಚ್ಚಬೇಕು?

ಬಂಗಾರಪೇಟೆ_ಟೈಲರ್

ಸವೆದ ಸೋಪಿನ ತೆಳು ಚೂರು ಅಥವಾ ಸೀಮೆಸುಣ್ಣ ಸಾಕು, ಒಗೆದರೆ ಹೋಗುತ್ತದೆ. ಬಾಲ್ ಪೆನ್ ಬೇಡ. ಚೌಕುಳಿಯ ಸೀರೆ ಮೇಲಿದ್ದರೆ ಗೆರೆಯ ಅಗತ್ಯವೇ ಇಲ್ಲ, ಚೌಕುಳಿಯ ಎಳೆಯನ್ನೇ ಹಿಡಿದು ಹೊಲಿಯುತ್ತಾ ಹೋಗಿ. ಆದರೆ ಹಾಸುವಾಗ ಆ ಚೌಕುಳಿ ಓರೆಯಾಗಿದ್ದರೆ ಎಲ್ಲ ಸಾಲುಗಳೂ ಓರೆಯಾಗುತ್ತವೆ, ಕಚ್ಚಾ ಹೊಲಿಗೆ ಹಾಕುವ ಮುನ್ನ ಅಂಚಿನಿಂದ ಅಳೆದು ನೋಡಿಕೊಳ್ಳಿ.

ಮುಳಬಾಗಿಲು_ಬೊಂತೆ

ಗಂಟನ್ನು ಪದರದೊಳಗೆ ಅಡಗಿಸಬೇಕು ತಾಯಿ. ದಾರದ ತುದಿಗೆ ಸಣ್ಣ ಗಂಟು ಹಾಕಿ, ಹೊಲಿಗೆ ಆರಂಭಿಸುವ ಜಾಗದಿಂದ ಒಂದು ಇಂಚು ಆಚೆ ಮೇಲುಪದರದಲ್ಲಿ ಮಾತ್ರ ಸೂಜಿ ಚುಚ್ಚಿ ಆರಂಭದ ಜಾಗದಲ್ಲಿ ಹೊರತೆಗೆಯಿರಿ. ದಾರವನ್ನು ಮೆಲ್ಲಗೆ ಜಗ್ಗಿದರೆ ಗಂಟು ಟಕ್ಕೆಂದು ಒಳಕ್ಕೆ ಇಳಿಯುತ್ತದೆ. ಬಟ್ಟೆ ತೀರಾ ಸವೆದಿದ್ದರೆ ಜಗ್ಗಬೇಡಿ, ತೂತು ಬೀಳುತ್ತದೆ. ಅಂಥ ಕಡೆ ಗಂಟಿನ ಬದಲು ಒಂದೇ ಜಾಗದಲ್ಲಿ ಎರಡು ಹಿಂಹೊಲಿಗೆ ಹಾಕಿ ಮುಂದುವರಿಯಿರಿ. ಸಾಲು ಮುಗಿದಾಗಲೂ ಹಾಗೆಯೇ ಮಾಡಿ, ಉಳಿದ ದಾರವನ್ನು ಪದರಗಳ ನಡುವೆ ಒಂದೆರಡು ಇಂಚು ಓಡಿಸಿ ಹೊರತೆಗೆದು ಕತ್ತರಿಸಿಬಿಡಿ.